ದಾದಿಯರ ವಿದೇಶ ಉದ್ಯೋಗ: ಫಿಲಿಪ್ಪೀನ್ಸ್ ಅನುಭವದಿಂದ ಒಂದು ಪಾಠ

ಸರಕು ರಫ್ತು ಮಾಡುವ ವರ್ತಕರಿಗೆ ಗುಣಮಟ್ಟದ ಪ್ರಮಾಣಪತ್ರದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಂದು ಬಂದರಿನಿಂದ ಹೋದ ಮೆಣಸಿನ ಒಂದು ರವಾನೆ ಪರೀಕ್ಷೆಯಲ್ಲಿ ತಿರಸ್ಕೃತವಾದರೆ, ಅದೇ ಬಂದರಿನಿಂದ ಹೊರಡುವ ಮುಂದಿನ ರವಾನೆಗಳನ್ನೆಲ್ಲ ಖರೀದಿದಾರರು ಸಂಶಯದಿಂದಲೇ ನೋಡುತ್ತಾರೆ. ಸೇವೆಗಳ ರಫ್ತಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಲ್ಲಿ ತಿರಸ್ಕೃತವಾಗುವುದು ಮಾತ್ರ ಮೂಟೆಯಲ್ಲ, ಸಾಲ ಮಾಡಿ ಓದಿದ ಒಬ್ಬ ತರುಣಿಯ ಹಲವು ವರ್ಷಗಳ ಶ್ರಮ.

1995ರಲ್ಲಿ ಜಾರಿಗೆ ಬಂದ, ಗ್ಯಾಟ್ಸ್ ಎಂದೇ ಪರಿಚಿತವಾದ ಸೇವಾ ವ್ಯಾಪಾರದ ಸಾಮಾನ್ಯ ಒಪ್ಪಂದವು ಸೇವೆಗಳ ವ್ಯಾಪಾರವನ್ನು ನಾಲ್ಕು ವಿಧಾನಗಳಾಗಿ ವಿಂಗಡಿಸುತ್ತದೆ. ಸೇವೆ ನೀಡುವ ವ್ಯಕ್ತಿಯೇ ಇನ್ನೊಂದು ದೇಶಕ್ಕೆ ತೆರಳುವುದು ಅವುಗಳಲ್ಲಿ ನಾಲ್ಕನೆಯದು. ಈ ಬಗೆಯ ವಲಸೆಯನ್ನು ಒಂದು ವ್ಯವಸ್ಥಿತ ಉದ್ಯಮದ ಮಟ್ಟಕ್ಕೆ ಬೆಳೆಸಿದ ದೇಶಗಳಲ್ಲಿ ಫಿಲಿಪ್ಪೀನ್ಸ್ ಅಗ್ರಗಣ್ಯವಾದುದು. ವಿದೇಶಗಳಲ್ಲಿರುವ ಫಿಲಿಪಿನೋಗಳು 2023ರಲ್ಲಿ ಬ್ಯಾಂಕುಗಳ ಮೂಲಕ ತಾಯ್ನಾಡಿಗೆ ಕಳುಹಿಸಿದ ಹಣ ಸುಮಾರು 33.5 ಶತಕೋಟಿ ಡಾಲರ್. ಇದು ನಾವಿಕರು, ಗೃಹಕಾರ್ಮಿಕರು ಸೇರಿದಂತೆ ಎಲ್ಲ ವೃತ್ತಿಯವರ ಗಳಿಕೆಯಾದರೂ, ಆ ದೇಶಕ್ಕೆ ಕೌಶಲದ ಹೆಸರನ್ನು ತಂದುಕೊಟ್ಟವರಲ್ಲಿ ದಾದಿಯರದು ಮೊದಲ ಸಾಲು. ಅವರು ಹೊರನಾಡಿನಲ್ಲಿ ನೋಂದಣಿ ಮತ್ತು ಉದ್ಯೋಗ ಪಡೆಯುವ ಕ್ರಮವನ್ನೂ, ಆ ಕ್ರಮ ಎಲ್ಲೆಲ್ಲಿ ಎಡವಿತೆಂಬುದನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಫಿಲಿಪ್ಪೀನ್ಸ್ 1898ರಿಂದ 1946ರವರೆಗೆ ಅಮೆರಿಕದ ಆಳ್ವಿಕೆಯಲ್ಲಿತ್ತು. 1906ರಲ್ಲಿ ಇಲೊಯಿಲೊ ನಗರದ ಮಿಷನ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆ ಆರಂಭವಾಯಿತು. ಅಮೆರಿಕದ ಪಠ್ಯಕ್ರಮ, ಇಂಗ್ಲಿಷ್ ಬೋಧನೆ, ಅಮೆರಿಕದ ಆಸ್ಪತ್ರೆಗಳ ಕಾರ್ಯಪದ್ಧತಿ ಇವು ಮೊದಲಿನಿಂದಲೇ ನೆಲೆಗೊಂಡವು. 1919ರಲ್ಲಿ ಶುಶ್ರೂಷಾ ವೃತ್ತಿಯ ಕಾಯ್ದೆ ಬಂದು, ಮರುವರ್ಷ ಮೊದಲ ಪರವಾನಗಿ ಪರೀಕ್ಷೆ ನಡೆಯಿತು.

1948ರಲ್ಲಿ ಅಮೆರಿಕವು ವಿನಿಮಯ ಸಂದರ್ಶಕರ ಯೋಜನೆಯನ್ನು ಆರಂಭಿಸಿದಾಗ ಅದರ ಲಾಭ ಪಡೆಯಲು ಫಿಲಿಪಿನೋ ದಾದಿಯರು ಸಿದ್ಧರಾಗಿಯೇ ಇದ್ದರು. ತರಬೇತಿಯ ಹೆಸರಿನಲ್ಲಿ ಬಂದ ಇವರನ್ನು ಕೆಲವು ಆಸ್ಪತ್ರೆಗಳು ಅಗ್ಗದ ದುಡಿಮೆಯಾಗಿ ಬಳಸಿಕೊಂಡದ್ದೂ ಉಂಟು. 1965ರ ಅಮೆರಿಕದ ವಲಸೆ ಕಾಯ್ದೆಯು ಹಳೆಯ ರಾಷ್ಟ್ರವಾರು ಕೋಟಾ ಪದ್ಧತಿಯನ್ನು ತೆಗೆದುಹಾಕಿ ಶಾಶ್ವತ ವಾಸಕ್ಕೆ ದಾರಿ ತೆರೆಯಿತು. ತೈಲ ಬೆಲೆಯ ಏರಿಕೆಯಿಂದ ಕೊಲ್ಲಿ ರಾಷ್ಟ್ರಗಳು ಸಿರಿವಂತವಾದ 1970ರ ದಶಕದಲ್ಲಿ, 1974ರ ಕಾರ್ಮಿಕ ಸಂಹಿತೆಯ ಮೂಲಕ ಮನಿಲಾ ಸರ್ಕಾರವು ವಿದೇಶ ಉದ್ಯೋಗವನ್ನು ರಾಷ್ಟ್ರೀಯ ಕಾರ್ಯನೀತಿಯನ್ನಾಗಿಯೇ ಸ್ವೀಕರಿಸಿತು. 1982ರಲ್ಲಿ ಫಿಲಿಪ್ಪೀನ್ ವಿದೇಶ ಉದ್ಯೋಗ ಆಡಳಿತ ಸಂಸ್ಥೆ ಸ್ಥಾಪನೆಯಾಯಿತು. 2021ರ ಡಿಸೆಂಬರಿನಲ್ಲಿ ಅಂಗೀಕಾರವಾದ ಕಾಯ್ದೆಯನ್ವಯ ಈ ಸಂಸ್ಥೆಯು ಹೊಸದಾಗಿ ರಚಿತವಾದ ವಲಸೆ ಕಾರ್ಮಿಕರ ಇಲಾಖೆಯಲ್ಲಿ ವಿಲೀನಗೊಂಡಿತು.

ನಾಲ್ಕು ಪ್ರತ್ಯೇಕ ಅನುಮತಿಗಳು

ವಿದೇಶಕ್ಕೆ ಹೊರಟ ದಾದಿಯು ಪಡೆಯಬೇಕಾದ ಅನುಮತಿಗಳು ನಾಲ್ಕು: ಸ್ವದೇಶದ ಪರವಾನಗಿ, ಹೊರದೇಶದ ವೃತ್ತಿ ನೋಂದಣಿ, ಉದ್ಯೋಗದೊಂದಿಗೆ ಬರುವ ವೀಸಾ, ಮತ್ತು ಸ್ವದೇಶದಿಂದ ಹೊರಡುವ ಅನುಮತಿ. ಇವನ್ನು ನೀಡುವ ಅಧಿಕಾರಿಗಳು ಬೇರೆ ಬೇರೆ. ಒಂದು ದೊರೆತ ಮಾತ್ರಕ್ಕೆ ಇನ್ನೊಂದು ತಾನಾಗಿ ದೊರೆಯುವುದಿಲ್ಲ. ಆಕಾಂಕ್ಷಿಗಳು ಮೋಸಹೋಗುವುದು ಬಹುಮಟ್ಟಿಗೆ ಈ ಭೇದ ತಿಳಿಯದೆ. ‘ಪರೀಕ್ಷೆ ಪಾಸಾದರೆ ಕೆಲಸ ಖಚಿತ’ ಎಂದು ಹೇಳುವ ಮಧ್ಯವರ್ತಿಯು ಎರಡನೆಯ ಅನುಮತಿಯನ್ನು ತೋರಿಸಿ ಮೂರನೆಯದನ್ನು ಮಾರುತ್ತಿರುತ್ತಾನೆ.

ಸ್ವದೇಶದ ಪರವಾನಗಿ: ನಾಲ್ಕು ವರ್ಷಗಳ ಶುಶ್ರೂಷಾ ಪದವಿಯ ನಂತರ ವೃತ್ತಿ ನಿಯಂತ್ರಣ ಆಯೋಗವು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2002ರ ಫಿಲಿಪ್ಪೀನ್ ಶುಶ್ರೂಷಾ ಕಾಯ್ದೆಯ ಪ್ರಕಾರ ಸರಾಸರಿ ಶೇ. 75 ಅಂಕಗಳು ಬೇಕು. ಯಾವ ವಿಷಯದಲ್ಲಿಯೂ ಶೇ. 60ಕ್ಕಿಂತ ಕಡಮೆಯಿರಬಾರದು.

ಹೊರದೇಶದ ನೋಂದಣಿ: ಇದರ ಕ್ರಮ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ.

ಅಮೆರಿಕದಲ್ಲಿ ನೋಂದಣಿ ನೀಡುವುದು ಆಯಾ ರಾಜ್ಯದ ಶುಶ್ರೂಷಾ ಮಂಡಳಿ. ವಿದೇಶದ ಅಂಕಪಟ್ಟಿಗಳ ಮೌಲ್ಯಮಾಪನವಾದ ಮೇಲೆ ಅಭ್ಯರ್ಥಿಯು ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯಬೇಕು. 1994ರಿಂದ ಇದು ಕಂಪ್ಯೂಟರಿನಲ್ಲಿ ನಡೆಯುತ್ತಿದ್ದು, ಅಭ್ಯರ್ಥಿಯ ಉತ್ತರ ನೋಡಿ ಮುಂದಿನ ಪ್ರಶ್ನೆಯ ಕಾಠಿಣ್ಯ ನಿರ್ಧಾರವಾಗುತ್ತದೆ. ವಿದೇಶೀ ದಾದಿಯರ ಅರ್ಹತೆಯನ್ನು ಪರಿಶೀಲಿಸುವ ಸಿ.ಜಿ.ಎಫ್.ಎನ್.ಎಸ್. ಎಂಬ ಸಂಸ್ಥೆ 1977ರಲ್ಲಿ ಹುಟ್ಟಿದ್ದಕ್ಕೆ ಕಾರಣವೂ ಗಮನಾರ್ಹವಾಗಿದೆ. ಹಲವು ದಾದಿಯರು ಅಮೆರಿಕಕ್ಕೆ ಬಂದಿಳಿದ ಮೇಲೆ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಸಹಾಯಕಿಯರಾಗಿ ದುಡಿಯುತ್ತಿದ್ದರು. ಊರು ಬಿಡುವ ಮುನ್ನವೇ ಯೋಗ್ಯತೆ ಅಳೆಯುವುದು ಲೇಸೆಂಬ ವಿಚಾರದಿಂದ ಈ ಏರ್ಪಾಡಾಯಿತು. 1996ರ ವಲಸೆ ಕಾಯ್ದೆಯು ವೀಸಾಕ್ಕೆ ಮುನ್ನ ಇಂತಹ ಪರಿಶೀಲನಾ ಪತ್ರವನ್ನು ಕಡ್ಡಾಯಗೊಳಿಸಿತು.

ಬ್ರಿಟನ್ನಿನಲ್ಲಿ ನರ್ಸಿಂಗ್ ಮತ್ತು ಸೂಲಗಿತ್ತಿ ಪರಿಷತ್ತು 2014ರಲ್ಲಿ ಎರಡು ಹಂತದ ಪರೀಕ್ಷೆಯನ್ನು ಜಾರಿಗೆ ತಂದಿತು. ಮೊದಲನೆಯ ಕಂಪ್ಯೂಟರ್ ಪರೀಕ್ಷೆಯನ್ನು ಸ್ವದೇಶದಲ್ಲಿಯೇ ಬರೆಯಬಹುದು. ಎರಡನೆಯದಾದ ಪ್ರಾಯೋಗಿಕ ಪರೀಕ್ಷೆ ಬ್ರಿಟನ್ನಿನಲ್ಲಿಯೇ ನಡೆಯುತ್ತದೆ. ಜೊತೆಗೆ ಐಇಎಲ್‌ಟಿಎಸ್ ಅಥವಾ ಒಇಟಿ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ಪದವಿ, ಪರವಾನಗಿ, ಅನುಭವ ಪತ್ರ ಇವೆಲ್ಲವನ್ನೂ ನೀಡಿದ ಸಂಸ್ಥೆಗಳಿಂದಲೇ ನೇರವಾಗಿ ದೃಢಪಡಿಸಿಕೊಳ್ಳುವ ಪದ್ಧತಿ ಇದೆ. ಅಭ್ಯರ್ಥಿ ಕೈಯಾರೆ ತಂದ ಕಾಗದಕ್ಕೆ ಅಲ್ಲಿ ಬೆಲೆ ಕಡಮೆ.

ಭಾಷೆಯೇ ಎಲ್ಲಕ್ಕಿಂತ ದೊಡ್ಡ ತಡೆಯಾದದ್ದು ಜಪಾನಿನಲ್ಲಿ. ಎರಡು ದೇಶಗಳ ನಡುವೆ 2006ರಲ್ಲಿ ಸಹಿಯಾಗಿ 2008ರಲ್ಲಿ ಜಾರಿಗೆ ಬಂದ ಆರ್ಥಿಕ ಸಹಭಾಗಿತ್ವ ಒಪ್ಪಂದದಂತೆ ಫಿಲಿಪಿನೋ ದಾದಿಯರು 2009ರಿಂದ ಅಲ್ಲಿಗೆ ತೆರಳಿದರು. ಅಲ್ಲಿನ ರಾಷ್ಟ್ರೀಯ ಪರೀಕ್ಷೆಯನ್ನು ಜಪಾನೀ ಭಾಷೆಯಲ್ಲಿ ಬರೆದು ಗೆಲ್ಲುವವರೆಗೆ ಅವರು ‘ಅಭ್ಯರ್ಥಿ’ಗಳು ಮಾತ್ರ. ಇಂತಹದೇ ಒಪ್ಪಂದದಡಿ ಬಂದ ಇಂಡೊನೇಷ್ಯಾದವರೂ ಸೇರಿ 2010ರಲ್ಲಿ 254 ಮಂದಿ ಪರೀಕ್ಷೆಗೆ ಕುಳಿತರು. ತೇರ್ಗಡೆಯಾದವರು 3 ಮಂದಿ. ಅವರಲ್ಲಿ ಫಿಲಿಪ್ಪೀನ್ಸ್‌ನವರು ಒಬ್ಬರು. ತನ್ನ ಊರಿನಲ್ಲಿ ತುರ್ತುಚಿಕಿತ್ಸಾ ವಿಭಾಗವನ್ನು ನಡೆಸಬಲ್ಲವರು ಅಲ್ಲಿ ರೋಗಿಗೆ ಊಟ ಮಾಡಿಸುವ, ಹಾಸಿಗೆ ಬದಲಿಸುವ ಕೆಲಸದಲ್ಲಿ ವರ್ಷಗಳನ್ನು ಕಳೆಯಬೇಕಾಯಿತು. ಟೀಕೆಗಳ ನಂತರ ಕಠಿಣ ಚಿತ್ರಲಿಪಿಗೆ ಉಚ್ಚಾರಣೆ ಸೂಚಿಸುವುದು, ರೋಗಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕೊಡುವುದು, ಹೆಚ್ಚಿನ ಸಮಯ ನೀಡುವುದು ಮುಂತಾದ ಸುಧಾರಣೆಗಳಾದವು. 2013ರಲ್ಲಿ ಜರ್ಮನಿಯೊಡನೆ ಆದ ಸರ್ಕಾರೀ ಮಟ್ಟದ ಒಪ್ಪಂದವು ಈ ಅನುಭವದ ನಂತರ ಬಂದದ್ದು. ಇದರಲ್ಲಿ ಭಾಷಾ ಕಲಿಕೆ ಪ್ರಯಾಣಕ್ಕೆ ಮುನ್ನವೇ ಆರಂಭವಾಗುತ್ತದೆ. ಪದವಿಯ ಮಾನ್ಯತೆ ಪೂರ್ಣಗೊಳ್ಳುವವರೆಗೆ ಮಾತ್ರ ಸಹಾಯಕ ದರ್ಜೆಯಲ್ಲಿ ಕೆಲಸ ಮಾಡಬೇಕಾಗುತ್ತದೆ.

ವೀಸಾ: ನೋಂದಣಿ ದೊರೆತರೂ ವೀಸಾದ ಸರತಿ ಬೇರೆಯೇ ಇರುತ್ತದೆ. ಅಮೆರಿಕದಲ್ಲಿ ದಾದಿಯರನ್ನು ಕೊರತೆಯ ವೃತ್ತಿಯೆಂದು ಮೊದಲೇ ಗುರುತಿಸಿರುವುದರಿಂದ ಕಾರ್ಮಿಕ ಇಲಾಖೆಯ ಪ್ರತ್ಯೇಕ ಪ್ರಮಾಣೀಕರಣ ಬೇಕಿಲ್ಲ. ಆದರೂ ಉದ್ಯೋಗಾಧಾರಿತ ಮೂರನೆಯ ವರ್ಗದಲ್ಲಿ, ಹುಟ್ಟಿದ ದೇಶದ ಆಧಾರದ ಮೇಲೆ ಮಿತಿ ಇದೆ. 2025ರ ಜುಲೈ ತಿಂಗಳ ವೀಸಾ ಪ್ರಕಟಣೆಯಂತೆ ಈ ವರ್ಗದಲ್ಲಿ ಫಿಲಿಪ್ಪೀನ್ಸ್‌ನವರ ಪೈಕಿ 2023ರ ಆರಂಭದಲ್ಲಿ ಅರ್ಜಿ ಹಾಕಿದವರ ಸರದಿ ಬಂದಿತ್ತು; ಭಾರತದಲ್ಲಿ ಹುಟ್ಟಿದವರ ಪೈಕಿ 2013ರಲ್ಲಿ ಅರ್ಜಿ ಹಾಕಿದವರ ಸರದಿ. ಒಂದೇ ಪರೀಕ್ಷೆಯನ್ನು ಒಂದೇ ದಿನ ಗೆದ್ದ ಇಬ್ಬರು ದಾದಿಯರ ನಡುವೆ ಹತ್ತು ವರ್ಷಗಳ ಅಂತರವಿದೆ ಎಂದರ್ಥ.

ಹೊರಡುವ ಅನುಮತಿ: ನೇಮಕಾತಿ ಏಜೆನ್ಸಿಯು ಪರವಾನಗಿ ಪಡೆದಿರಬೇಕು, ಠೇವಣಿ ಇಟ್ಟಿರಬೇಕು. ದಾದಿಯು ಪ್ರಯಾಣಪೂರ್ವ ತಿಳಿವಳಿಕೆ ಶಿಬಿರಕ್ಕೆ ಹಾಜರಾಗಿ ವಿದೇಶ ಉದ್ಯೋಗ ಪ್ರಮಾಣಪತ್ರ ಪಡೆದ ನಂತರವೇ ವಿಮಾನ ಹತ್ತಬಹುದು. ಏಜೆನ್ಸಿಯ ಶುಲ್ಕ ಒಂದು ತಿಂಗಳ ಸಂಬಳವನ್ನು ಮೀರುವಂತಿಲ್ಲ. ಕೆಲಸಗಾರರಿಂದ ಶುಲ್ಕ ಪಡೆಯುವುದನ್ನು ನಿಷೇಧಿಸಿದ ದೇಶಗಳಿಗೆ ಕಳುಹಿಸುವಾಗ ಅದನ್ನೂ ಕೇಳುವಂತಿಲ್ಲ. 1995ರ ವಲಸೆ ಕಾರ್ಮಿಕರ ಕಾಯ್ದೆಯ ಒಂದು ವಿಧಿ ವಾಣಿಜ್ಯ ವಲಯದವರ ವಿಶೇಷ ಗಮನಕ್ಕೆ ಅರ್ಹವಾಗಿದೆ. ಅದರಂತೆ ವಿದೇಶದ ಮಾಲೀಕನು ಕರಾರು ಮುರಿದರೆ ಮನಿಲಾದ ಏಜೆನ್ಸಿಯು ಅವನೊಡನೆ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರನಾಗುತ್ತದೆ. ಸಾವಿರಾರು ಮೈಲಿ ದೂರದ ಮಾಲೀಕನನ್ನು ಹುಡುಕಿ ದಾವೆ ಹೂಡುವ ಕಷ್ಟ ದಾದಿಗೆ ಉಳಿಯುವುದಿಲ್ಲ. ಆ ಮಾಲೀಕನ ಯೋಗ್ಯತೆ ಅರಿಯುವ ಹೊರೆ ಏಜೆನ್ಸಿಯ ಮೇಲೆಯೇ ಬೀಳುತ್ತದೆ.

2006ರ ಪ್ರಶ್ನೆಪತ್ರಿಕೆ ಸೋರಿಕೆ

ಇಷ್ಟು ಬಿಗಿಯಾದ ವ್ಯವಸ್ಥೆಗೂ ಒಂದೇ ಕಡೆ ಬಿರುಕು ಬಿದ್ದರೆ ಏನಾಗುತ್ತದೆಂಬುದಕ್ಕೆ 2006ರ ಜೂನ್ ತಿಂಗಳ ಪರವಾನಗಿ ಪರೀಕ್ಷೆ ನಿದರ್ಶನ. ಆ ಬಾರಿ 42 ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳು ಪರೀಕ್ಷೆ ಬರೆದರು. ಮೂರನೆಯ ಮತ್ತು ಐದನೆಯ ಪತ್ರಿಕೆಗಳ ಪ್ರಶ್ನೆಗಳು ತರಬೇತಿ ಕೇಂದ್ರಗಳ ಮೂಲಕ ಮೊದಲೇ ಹೊರಬಿದ್ದಿದ್ದವು. ದೂರು ಕೊಟ್ಟವರಲ್ಲಿ ಮೊದಲಿಗರು ಬಾಗಿಯೋ ನಗರದಲ್ಲಿ ಅದೇ ಪರೀಕ್ಷೆ ಬರೆದ ಅಭ್ಯರ್ಥಿಗಳು. ಅಧಿಕಾರಿಗಳು ಮರುಪರೀಕ್ಷೆಯ ಬದಲು ಅಂಕಗಳ ಮರುಲೆಕ್ಕಾಚಾರ ಮಾಡಿ ಫಲಿತಾಂಶ ಪ್ರಕಟಿಸಿದರು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ಕೊನೆಯ ತೀರ್ಪು ಬಂದದ್ದು ಮಾತ್ರ ಖರೀದಿದಾರನ ಕಡೆಯಿಂದ. 2007ರ ಫೆಬ್ರುವರಿಯಲ್ಲಿ ಸಿ.ಜಿ.ಎಫ್.ಎನ್.ಎಸ್. ಸಂಸ್ಥೆಯು, ಆ ಬಾರಿ ತೇರ್ಗಡೆಯಾದವರು ಸೋರಿಕೆಯಾದ ಎರಡು ಪತ್ರಿಕೆಗಳಿಗೆ ಸಮಾನವಾದ ಪರೀಕ್ಷೆಯನ್ನು ಮತ್ತೆ ಬರೆಯದ ಹೊರತು ವೀಸಾದ ಪರಿಶೀಲನಾ ಪತ್ರ ನೀಡುವುದಿಲ್ಲವೆಂದು ಪ್ರಕಟಿಸಿತು. ಸೋರಿಕೆಯ ಪ್ರಶ್ನೆಗಳನ್ನು ಕೊಂಡವರಿಗೂ, ಅದರ ಸುಳಿವೇ ಇಲ್ಲದೆ ರಾತ್ರಿಯೆಲ್ಲ ಓದಿ ಗೆದ್ದವರಿಗೂ ಒಂದೇ ಷರತ್ತು ಅನ್ವಯಿಸಿತು. ಯಾರು ಪ್ರಾಮಾಣಿಕರೆಂದು ಬೇರ್ಪಡಿಸುವ ದಾರಿ ಪ್ರಮಾಣಪತ್ರದ ಮೇಲೆ ಉಳಿದಿರಲಿಲ್ಲ. ಸ್ವದೇಶದ ಸರ್ಕಾರ ಸಿಂಧುವೆಂದ ಪರವಾನಗಿಯನ್ನು ಹೊರಗಿನವರು ಒಪ್ಪದಿದ್ದಾಗ, ರಫ್ತಿನ ಮಟ್ಟಿಗೆ ಅದು ಬರಿಯ ಕಾಗದವಾಯಿತು. 2007ರ ಜೂನ್‌ನಲ್ಲಿ ಮರುಪರೀಕ್ಷೆಗೆ ಏರ್ಪಾಡಾಯಿತು. ಎನ್‌ಕ್ಲೆಕ್ಸ್ ಬರೆಯಲು ಸೈಪಾನ್, ಗುವಾಮ್ ಅಥವಾ ಹಾಂಗ್‌ಕಾಂಗ್‌ವರೆಗೆ ಹೋಗಬೇಕಾಗಿದ್ದ ಫಿಲಿಪಿನೋಗಳಿಗೆ ಮನಿಲಾದಲ್ಲಿಯೇ ಕೇಂದ್ರ ತೆರೆದುದು 2007ರ ಆಗಸ್ಟ್‌ನಲ್ಲಿ. ಹೆಸರು ಕೆಟ್ಟ ಕಾಲದಲ್ಲಿ ಆ ಕೇಂದ್ರ ಕೈತಪ್ಪದೆ ಉಳಿದದ್ದು ದೇಶದ ಅದೃಷ್ಟ.

ಬೇಡಿಕೆಯ ಏರಿಳಿತ

2000ದ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಬೇಡಿಕೆ ಏರಿದಾಗ ಶುಶ್ರೂಷಾ ಕಾಲೇಜುಗಳು ಮಳೆಗಾಲದ ಅಣಬೆಗಳಂತೆ ತಲೆಯೆತ್ತಿದವು. ವೃತ್ತಿಯಲ್ಲಿದ್ದ ವೈದ್ಯರೂ ದಾದಿಯರಾಗಲು ಮತ್ತೆ ಕಾಲೇಜು ಸೇರಿದರು. ಅಮೆರಿಕದ ವೀಸಾ ಸರತಿ ಹಿಂದೆ ಸರಿದು, 2008ರಲ್ಲಿ ಆರ್ಥಿಕ ಹಿಂಜರಿತ ಬಂದಾಗ ಪದವಿ ಹಿಡಿದವರು ಎಲ್ಲೆಡೆ ಉಳಿದರು. ವಿದೇಶಕ್ಕೆ ಅನುಭವ ಪತ್ರ ಬೇಕಾದ್ದರಿಂದ ಅವರು ಆಸ್ಪತ್ರೆಗಳಲ್ಲಿ ಸಂಬಳವಿಲ್ಲದೆ, ಹಲವೆಡೆ ತಾವೇ ಹಣ ಕೊಟ್ಟು, ‘ಸ್ವಯಂಸೇವಕ’ರಾಗಿ ದುಡಿದರು. ಸರ್ಕಾರವು 2009ರಲ್ಲಿ ಹತ್ತು ಸಾವಿರ ದಾದಿಯರನ್ನು ಆರು ತಿಂಗಳ ಮಟ್ಟಿಗೆ ಬಡ ಪಟ್ಟಣಗಳಿಗೆ ಕಳುಹಿಸುವ ಯೋಜನೆ ರೂಪಿಸಿತು. ಭತ್ಯೆ ತಿಂಗಳಿಗೆ 8,000 ಪೆಸೊ. 2011ರಲ್ಲಿ ಆರೋಗ್ಯ ಇಲಾಖೆಯು ಸ್ವಯಂಸೇವಕ ಪದ್ಧತಿಯನ್ನು ನಿಲ್ಲಿಸಿತು. ಒಂದೇ ಖರೀದಿದಾರನನ್ನು ನಂಬಿ ಬೆಳೆ ಬೆಳೆದವರ ಪಾಡು ಬೇರೆಯಾಗುವುದು ಹೇಗೆ? ಭತ್ತವಾದರೆ ಉಗ್ರಾಣದಲ್ಲಿಡಬಹುದು, ಕೈಬಿಟ್ಟ ಕೌಶಲ ಮಾಸುತ್ತ ಹೋಗುತ್ತದೆ.

ಕರಾರಿನ ಷರತ್ತುಗಳು

ಬೇಡಿಕೆಯಿದ್ದ ಕಾಲದಲ್ಲಿಯೂ ತೊಂದರೆ ಕಡಮೆಯಿರಲಿಲ್ಲ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಶುಶ್ರೂಷಾಲಯದಲ್ಲಿ ಹತ್ತು ಮಂದಿ ಫಿಲಿಪಿನೋ ದಾದಿಯರು, ಕರಾರಿನ ಮಾತು ನಡೆಯಲಿಲ್ಲವೆಂದು ದೂರಿ, ತಮ್ಮ ಪಾಳಿ ಮುಗಿಸಿ ಒಟ್ಟಿಗೆ ರಾಜೀನಾಮೆ ನೀಡಿದರು. ರೋಗಿಗಳನ್ನು ಅಪಾಯಕ್ಕೆ ಒಡ್ಡಿದರೆಂದು ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ದಾಖಲಾಯಿತು. 2009ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು, ಕೆಲಸ ಬಿಟ್ಟವರನ್ನು ಹೀಗೆ ದಂಡಿಸುವುದು ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನಕ್ಕೆ ವಿರುದ್ಧವೆಂದು ಅದನ್ನು ತಡೆಯಿತು. ಫಿಲಿಪಿನೋ ದಾದಿಯರು ಹೂಡಿದ್ದ ಇನ್ನೊಂದು ದಾವೆಯಲ್ಲಿ ಫೆಡರಲ್ ನ್ಯಾಯಾಲಯವು 2019ರಲ್ಲಿ, ಅವಧಿಗೆ ಮುನ್ನ ಕೆಲಸ ಬಿಟ್ಟರೆ 25,000 ಡಾಲರ್ ತೆರಬೇಕೆಂಬ ಷರತ್ತು ನಷ್ಟಪರಿಹಾರವಲ್ಲ, ದಂಡವೇ ಸರಿ ಎಂದು ತೀರ್ಮಾನಿಸಿತು. ತರಬೇತಿಯ ಖರ್ಚಿಗಾಗಿ ಮುಚ್ಚಳಿಕೆ ಬರೆಸಿಕೊಳ್ಳುವ ಪ್ರತಿಯೊಂದು ಉದ್ಯಮವೂ ಈ ಭೇದವನ್ನು ಅರಿತಿರಬೇಕು.

ತಾಯ್ನಾಡು ತೆರುವ ಬೆಲೆ

2002ರ ಕಾಯ್ದೆಯು ಸರ್ಕಾರೀ ದಾದಿಯರ ಆರಂಭಿಕ ವೇತನವನ್ನು 15ನೆಯ ಶ್ರೇಣಿಗೆ ಏರಿಸಬೇಕೆಂದು ವಿಧಿಸಿತ್ತು. ಅನುದಾನವಿಲ್ಲವೆಂಬ ಕಾರಣದಿಂದ ಅದು ಜಾರಿಯಾಗಲಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಧಿ ಸಿಂಧುವೆಂದು ಹೇಳಿದ ಬಳಿಕ, 2020ರಲ್ಲಿ ತಿಂಗಳ ವೇತನ ಸುಮಾರು 22 ಸಾವಿರ ಪೆಸೊಗಳಿಂದ 32 ಸಾವಿರಕ್ಕೆ ಏರಿತು. ಖಾಸಗಿ ಆಸ್ಪತ್ರೆಗಳಿಗೆ ಇದು ಅನ್ವಯಿಸಲಿಲ್ಲ. ಹದಿನೆಂಟು ವರ್ಷ ಕಾಗದದಲ್ಲಿಯೇ ಉಳಿದ ವೇತನವು ಎಷ್ಟು ಮಂದಿಯನ್ನು ವಿಮಾನ ಹತ್ತಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅದೇ 2020ರ ಏಪ್ರಿಲ್‌ನಲ್ಲಿ, ಕೋವಿಡ್ ಹರಡಿದಾಗ, ದಾದಿಯರು ದೇಶ ಬಿಡದಂತೆ ಸರ್ಕಾರ ತಡೆ ಹಾಕಿತು. ವಿದೇಶದಲ್ಲಿ ಕೆಲಸ ಗೊತ್ತುಮಾಡಿಕೊಂಡು ಸಿಕ್ಕಿಬಿದ್ದವರು ತಮ್ಮನ್ನು ‘ಪ್ರಿಸೋ-ನರ್ಸ್’, ಎಂದರೆ ಸೆರೆಯಾಳು ದಾದಿಯರು, ಎಂದು ಕರೆದುಕೊಂಡರು. ಆ ವರ್ಷದ ನವೆಂಬರಿನಲ್ಲಿ ತಡೆ ತೆರವಾದರೂ 2021ಕ್ಕೆ ವರ್ಷಕ್ಕೆ 5,000 ಎಂಬ ಮಿತಿ ಬಂದಿತು. ಅನಂತರ ಅದನ್ನು 6,500ಕ್ಕೆ ಏರಿಸಲಾಯಿತು. 2021ರ ಫೆಬ್ರುವರಿಯಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯು, ಬ್ರಿಟನ್ ಮತ್ತು ಜರ್ಮನಿ ಲಸಿಕೆ ಕೊಡುವುದಾದರೆ ಅವರಿಗೆ ಮಿತಿ ಸಡಿಲಿಸಬಹುದೆಂದು ಸೂಚಿಸಿತು. ಮನುಷ್ಯರನ್ನು ಸರಕಿನ ಲೆಕ್ಕದಲ್ಲಿ ಹಿಡಿಯುವ ಭಾಷೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಈ ಪ್ರಸ್ತಾಪ ಸಾಕ್ಷಿ. ಟೀಕೆಗಳೂ ಅಷ್ಟೇ ತೀಕ್ಷ್ಣವಾಗಿದ್ದವು.

ಕರ್ನಾಟಕಕ್ಕೆ ಅನ್ವಯ

ಬೆಂಗಳೂರು ಮತ್ತು ಮಂಗಳೂರಿನ ಶುಶ್ರೂಷಾ ಕಾಲೇಜುಗಳಿಂದ ಹೊರಬರುವ ದಾದಿಯರು ಇದೇ ಮಾರುಕಟ್ಟೆಯಲ್ಲಿ, ಇದೇ ಪರೀಕ್ಷೆಗಳ ಮೂಲಕ ಸ್ಪರ್ಧಿಸುತ್ತಾರೆ. ಎನ್‌ಕ್ಲೆಕ್ಸ್ ಕೇಂದ್ರ ಬೆಂಗಳೂರಿನಲ್ಲಿಯೂ ಇದೆ. ನೇಮಕಾತಿಯ ವಂಚನೆಯೂ ದೂರದ ಮಾತಲ್ಲ. 2015ರಲ್ಲಿ ನೆರೆಯ ಕೇರಳದಲ್ಲಿ, ಕುವೈತ್‌ಗೆ ಹೋಗುವ ದಾದಿಯರಿಂದ 19,500 ರೂಪಾಯಿ ಪಡೆಯಬೇಕಾದಲ್ಲಿ ಅದರ ನೂರು ಪಟ್ಟು, ಎಂದರೆ 19.5 ಲಕ್ಷ ರೂಪಾಯಿ, ವಸೂಲು ಮಾಡಿದರೆಂಬ ಆರೋಪದ ಮೇಲೆ ಸಿಬಿಐ ಮೊಕದ್ದಮೆ ಹೂಡಿತು. ಅದೇ ವರ್ಷ ಕೇಂದ್ರ ಸರ್ಕಾರವು ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ತೆರಳುವ ದಾದಿಯರಿಗೆ ವಲಸೆ ತಪಾಸಣೆಯನ್ನು ಕಡ್ಡಾಯ ಮಾಡಿ, ನೇಮಕಾತಿಯನ್ನು ಸರ್ಕಾರೀ ಸಂಸ್ಥೆಗಳಿಗೆ ಸೀಮಿತಗೊಳಿಸಿತು. ಫಿಲಿಪ್ಪೀನ್ಸ್ ಅನುಭವದ ಬೆಳಕಿನಲ್ಲಿ ಈ ಕೆಳಗಿನ ಅಂಶಗಳು ಪಾಲನಾರ್ಹ:

1. ನಾಲ್ಕು ಅನುಮತಿಗಳನ್ನು ನೀಡುವ ಅಧಿಕಾರಿ ಯಾರು, ಶುಲ್ಕವೆಷ್ಟು, ಸರತಿಯೆಷ್ಟು ಎಂಬುದನ್ನು ಕಾಲೇಜು ತನ್ನ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಬರಹದಲ್ಲಿ ತಿಳಿಸಬೇಕು.

2. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಮೂಲದಿಂದಲೇ ಪರಿಶೀಲನೆ ನಡೆಯುವಾಗ ಇಂತಹ ಸಣ್ಣ ವ್ಯತ್ಯಾಸದಿಂದ ತಿಂಗಳುಗಟ್ಟಲೆ ವಿಳಂಬವಾಗಬಹುದು. ಪ್ರವೇಶದ ದಿನವೇ ಇದನ್ನು ಸರಿಪಡಿಸುವುದು ಒಳಿತು.

3. ವಿದೇಶದ ಮಂಡಳಿಗಳಿಂದ ಬರುವ ಪರಿಶೀಲನಾ ಪತ್ರಗಳಿಗೆ ಕಾಲೇಜು ಮತ್ತು ಆಸ್ಪತ್ರೆಗಳು ಅವಧಿಯೊಳಗೆ ಉತ್ತರಿಸಬೇಕು. ಮಾಡದ ಕೆಲಸಕ್ಕೆ ಅನುಭವ ಪತ್ರ ಕೊಡುವ ಆಸ್ಪತ್ರೆಯು ತನ್ನಲ್ಲಿ ನಿಜವಾಗಿ ದುಡಿದವರ ಪತ್ರದ ಬೆಲೆಯನ್ನೂ ಕಳೆಯುತ್ತದೆ.

4. ನೇಮಕಾತಿ ಸಂಸ್ಥೆಗಳು ರಸೀದಿಯಿಲ್ಲದೆ ಹಣ ಪಡೆಯಬಾರದು. ವಿದೇಶದ ಮಾಲೀಕನ ಮಾತಿಗೆ ತಾವೂ ಹೊಣೆಯೆಂದು ಕರಾರಿನಲ್ಲಿಯೇ ಬರೆಯಬೇಕು.

5. ಇಲ್ಲಿನ ಆಸ್ಪತ್ರೆಗಳ ಮಾಲೀಕರು ದಾದಿಯರ ವಲಸೆಯನ್ನು ದೂರುವ ಮುನ್ನ ತಮ್ಮ ವೇತನ ಪಟ್ಟಿಯನ್ನೊಮ್ಮೆ ನೋಡಬೇಕು. ಮೂಲ ಪ್ರಮಾಣಪತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಸಿಬ್ಬಂದಿಯ ನಿಷ್ಠೆ ಬೆಳೆಯುವುದಿಲ್ಲ.

ಸಾರಾಂಶ

ದಾದಿಯ ಸೇವೆಗೆ ಹೊರನಾಡಿನಲ್ಲಿ ಬೆಲೆ ತರುವುದು ಆಕೆಯ ಕೌಶಲ ಮತ್ತು ಆ ಕೌಶಲಕ್ಕೆ ಸಾಕ್ಷಿ ಹೇಳುವ ಸಂಸ್ಥೆಗಳ ನಂಬಿಕೆ. ಮೊದಲನೆಯದು ಆಕೆಯ ಶ್ರಮದಿಂದ ಬಂದದ್ದು; ಎರಡನೆಯದನ್ನು ಕಾಪಾಡುವ ಹೊಣೆ ಕಾಲೇಜು, ಆಸ್ಪತ್ರೆ, ಪರೀಕ್ಷಾ ಮಂಡಳಿ ಮತ್ತು ನೇಮಕಾತಿ ಸಂಸ್ಥೆಗಳದು. ಫಿಲಿಪ್ಪೀನ್ಸ್ ಈ ನಂಬಿಕೆಯನ್ನು ಕಟ್ಟಲು ಒಂದು ಶತಮಾನವನ್ನು ವ್ಯಯಿಸಿತು. 2006ರಲ್ಲಿ ಎರಡು ಪ್ರಶ್ನೆಪತ್ರಿಕೆಗಳು ಅದನ್ನು ಅಲುಗಾಡಿಸಿದವು. ಆ ಬಾರಿ ನ್ಯಾಯವಾಗಿ ಗೆದ್ದವರು ಎರಡನೆಯ ಸಲ ಪರೀಕ್ಷಾ ಕೊಠಡಿಗೆ ನಡೆದು ತೆತ್ತ ಬೆಲೆಯನ್ನು ಇಲ್ಲಿನ ದಾದಿಯರು ತೆರಬೇಕಾಗಿ ಬಾರದಂತೆ ನೋಡಿಕೊಳ್ಳುವುದು ಈ ಸಂಸ್ಥೆಗಳನ್ನು ನಡೆಸುವವರ ಕರ್ತವ್ಯ.